ಒಂಬತ್ತನೆಯ ಪಾಠಕ್ಕೆ ಮೈದಾ ಅಂಟು

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎದುರಿಗೆ ‘ಬೈಂಡರ್’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಹರಳೆಣ್ಣೆ’ ಅನ್ನುತ್ತಿದ್ದರು. ಹರಳೆಣ್ಣೆ ಕುಡಿಸಿದ ಮಗುವಿನ ಮುಖ ಹೇಗಿರುತ್ತದೋ ಅವನ ಮುಖ ಐವತ್ತನಾಲ್ಕು ವರ್ಷದಿಂದ ಹಾಗೇ ಇತ್ತು. ಮದುವೆಯ ಫೋಟೋದಲ್ಲೂ ಹಾಗೇ ಇದೆ, ಬೇಕಾದರೆ ಹೆಂಡತಿ ತೆಗೆದು ತೋರಿಸುತ್ತಾಳೆ.

ಅಂಗಡಿ ಅಂದರೆ ಒಂದು ಉದ್ದನೆಯ ಕೋಣೆ. ಬಾಗಿಲ ಬಳಿ ಅಪ್ಪನ ಕಾಲದ ಕಟಿಂಗ್ ಮೆಷಿನ್, ಅದರ ಪಕ್ಕ ಚಕ್ರ ತಿರುಗಿಸಿ ಬಿಗಿಮಾಡುವ ಪ್ರೆಸ್, ಗೋಡೆಗೆ ಒರಗಿಸಿದ ರಟ್ಟಿನ ಹಾಳೆಗಳು, ಕಿಟಕಿಯ ಕೆಳಗೆ ಅಂಟು ಕಾಯಿಸುವ ಒಲೆ. ಹಿಂದಿನ ಎರಡು ಕೋಣೆ ಮನೆ. ಮನೆಗೂ ಅಂಗಡಿಗೂ ನಡುವೆ ಒಂದು ಪರದೆ ಇತ್ತು, ಹೆಂಡತಿಯ ಬೈಗುಳಕ್ಕೆ ಅದು ಯಾವತ್ತೂ ಅಡ್ಡಿ ಮಾಡಿದ್ದಿಲ್ಲ. ಗಿರಾಕಿ ಬಂದು “ಸ್ವಲ್ಪ ಬೇಗ ಕೊಡ್ತೀರಾ?” ಅಂದರೆ ಸಾಕು, ಇವನಿಗೆ ಮೈಯೆಲ್ಲ ಉರಿ.

“ಬೇಗ ಬೇಕಾದ್ರೆ ಸ್ಟೇಷನ್ ಹತ್ರ ಹೋಗಿ. ಅಲ್ಲಿ ಬೇಗ ಕೊಡ್ತಾರೆ. ಬೇಗ ಕಿತ್ತೂ ಹೋಗುತ್ತೆ.”

ಅವನಿಗೆ ಆಗದವುಗಳ ಪಟ್ಟಿ ಉದ್ದವಿತ್ತು. ಸ್ಟೇಪ್ಲರ್ ಪಿನ್ನು ಆಗದು. ಡಬ್ಬದಲ್ಲಿ ಬರುವ ಬಿಳಿ ಗೋಂದು ಆಗದು. ಅದು ಒಮ್ಮೆ ಹಿಡಿದರೆ ಕಾಗದ ಹರಿಯಬೇಕೇ ಹೊರತು ಬಿಡುವುದಿಲ್ಲ, ಒಣಗಿದ ಮೇಲೆ ಪುಸ್ತಕ ಮರದ ಹಲಗೆ ಆಗುತ್ತದೆ. “ಬಿಚ್ಚೋಕೆ ಆಗದ ಹಾಗೆ ಯಾವ ಪುಸ್ತಕವನ್ನೂ ಕಟ್ಟಬೇಡ, ನಾಳೆ ರಿಪೇರಿ ಮಾಡುವವನು ನಿನ್ನನ್ನ ಬೈತಾನೆ” ಎಂದು ಅಪ್ಪ ಹೇಳಿಕೊಟ್ಟಿದ್ದ. ಹಾಗಾಗಿ ಇವನದು ಮೈದಾ ಅಂಟು, ಅದಕ್ಕೆ ಹುಳ ಹಿಡಿಯದಂತೆ ಒಂದು ಚಿಟಿಕೆ ಮೈಲುತುತ್ತ. ಜಿರಳೆಯಂತೂ ಆಗಲೇ ಆಗದು.

“ರೀ, ನಿಮ್ಮ ಮೈದಾ ತಿಂದು ತಿಂದು ಜಿರಳೆಗಳು ನನಗಿಂತ ಗುಂಡಗಾಗಿವೆ,” ಎಂದು ಹೆಂಡತಿ ಪರದೆಯ ಹಿಂದಿನಿಂದ ಕೂಗುವಳು. “ಮೊದಲು ಆ ಜಿರಳೆ ಪುಡಿ ಉದುರಿಸಿದ್ರೆ ಬೆಳಗ್ಗೆ ಮೊರದ ತುಂಬ ಗುಡಿಸಿ ಹಾಕ್ತಿದ್ದೆ. ಈಗ ಪುಡಿ ಮೇಲೇ ಓಡಾಡ್ತವೆ.”

“ಅಂಗಡಿಯವನು ಕಲಬೆರಕೆ ಮಾಡಿದಾನೆ.”

“ಮೂರು ಅಂಗಡಿ ಬದಲಾಯಿಸಿದೆ.”

“ಮೂವರೂ ಕಳ್ಳರು.”

ಆದರೆ ಪಟ್ಟಿಯ ತುದಿಯಲ್ಲಿ, ಜಿರಳೆಗಿಂತ ಬಹಳ ಮೇಲೆ ಇದ್ದವಳು ಅಕ್ಕ. ಒಡಹುಟ್ಟಿದ ಅಕ್ಕ. ಊರಿನ ಶಾಲೆಯಲ್ಲಿ ವಿಜ್ಞಾನದ ಟೀಚರು, ಮಕ್ಕಳ ಬಾಯಲ್ಲಿ ‘ಮಂಗನ ಮೇಡಂ’. ಅವಳ ಮನೆ ಎರಡು ಬೀದಿ ಆಚೆ. ಅಕ್ಕತಮ್ಮಂದಿರು ಹನ್ನೊಂದು ವರ್ಷದಿಂದ ಮಾತಾಡಿರಲಿಲ್ಲ. ದಾರಿಯಲ್ಲಿ ಎದುರಾದರೆ ಅವನು ರಸ್ತೆ ದಾಟುತ್ತಿದ್ದ. ಒಮ್ಮೆ ಹಾಗೆ ದಾಟಲು ಹೋಗಿ ಸೈಕಲ್ಲಿಗೆ ಸಿಕ್ಕಿ ಮೊಣಕಾಲು ಕೆತ್ತಿಕೊಂಡ, ಅದನ್ನೂ ಅವಳ ಲೆಕ್ಕಕ್ಕೇ ಬರೆದ.

ಅವಳು ಇವನಿಗಿಂತ ಐದು ವರ್ಷ ದೊಡ್ಡವಳು. ಇವನು ಒಂಬತ್ತನೇ ಕ್ಲಾಸಿನ ಪರೀಕ್ಷೆ ಬರೆದು ಬಂದ ವಾರವೇ ಕಟಿಂಗ್ ಮೆಷಿನ್ ಅಪ್ಪನ ಬಲಗೈಯ ಎರಡು ಬೆರಳು ತಿಂದುಹಾಕಿತು. ಮನೆಯಲ್ಲಿ ಯಾರಾದರೂ ಒಬ್ಬರು ಅಂಗಡಿಯಲ್ಲಿ ಕೂರಲೇಬೇಕಿತ್ತು. ಅಕ್ಕ ಆಗ ಟೀಚರ್ ಟ್ರೇನಿಂಗ್ ಮುಗಿಸುತ್ತಿದ್ದಳು, ಇವನು ಕ್ಲಾಸಿಗೆ ಎರಡನೆಯವನಾಗಿದ್ದ. ಕೂತವನು ಇವನು. “ಅಳಬೇಡ ಕಣೋ, ಹತ್ತನೇ ಕ್ಲಾಸಿನ ಪಾಠ ಎಲ್ಲ ನಾನೇ ಹೇಳಿಕೊಡ್ತೀನಿ, ನೀನು ಮನೆಯಿಂದಲೇ ಪರೀಕ್ಷೆ ಕಟ್ಟು” ಅಂದಳು. ಹೇಳಿಕೊಟ್ಟಳು ಕೂಡ, ಅದನ್ನು ಅವನು ಇವತ್ತಿಗೂ ಇಲ್ಲ ಅನ್ನುವುದಿಲ್ಲ. ಒಂದು ವರ್ಷ, ದಿನಾ ಸಂಜೆ, ಈ ಕಡೆ ಅಂಟಿನ ಪಾತ್ರೆ, ಆ ಕಡೆ ಪುಸ್ತಕ. ಗಣಿತ ಮುಗಿಯಿತು, ಇತಿಹಾಸ ಮುಗಿಯಿತು, ವಿಜ್ಞಾನದಲ್ಲಿ ಒಂದೇ ಒಂದು ಪಾಠ ಉಳಿಯಿತು: ಜೀವವಿಕಾಸ. ಅಷ್ಟರಲ್ಲಿ ದೂರದ ಶಾಲೆಯೊಂದರಿಂದ ಅವಳಿಗೆ ಕೆಲಸದ ಕಾಗದ ಬಂತು. “ಮುಂದಿನ ವಾರ ಬಂದು ಅದೊಂದು ಮುಗಿಸಿಬಿಡ್ತೀನಿ” ಎಂದು ಪೆಟ್ಟಿಗೆ ಎತ್ತಿಕೊಂಡು ಬಸ್ಸು ಹತ್ತಿದಳು. ಆ ಮುಂದಿನ ವಾರಕ್ಕೆ ಈಗ ಮೂವತ್ತೊಂಬತ್ತು ವರ್ಷ.

ಒಂದು ಪಾಠ ಬಿಟ್ಟು ಪರೀಕ್ಷೆ ಬರೆಯಬಹುದಿತ್ತಲ್ಲ ಎಂದು ಯಾರು ಬೇಕಾದರೂ ಕೇಳಬಹುದು. ಹೆಂಡತಿ ಕೇಳಿದ್ದಳು, ಎರಡು ದಿನ ಊಟ ಬಿಟ್ಟ. ಹದಿನೈದು ವರ್ಷದ ಹುಡುಗನ ಹಟಕ್ಕೆ ಕಾರಣ ಕೇಳಬಾರದು. ಪರೀಕ್ಷೆಯ ದಿನವೂ ಅವನು ಅಂಗಡಿ ತೆರೆದು ಬೀದಿಯ ತುದಿಯನ್ನೇ ನೋಡುತ್ತ ಕೂತಿದ್ದ. ಆಮೇಲೆ ಸಾವಿರಗಟ್ಟಲೆ ಪುಸ್ತಕ ಕಟ್ಟಿದ. ಬೆನ್ನಿನ ಮೇಲಿನ ಹೆಸರು ಬಿಟ್ಟು ಒಳಗಿನದನ್ನು ಓದಲಿಲ್ಲ.

ಇಷ್ಟಾದರೂ ಮಾತು ನಿಂತಿರಲಿಲ್ಲ. ಅಕ್ಕ ಇದೇ ಊರಿನ ಶಾಲೆಗೆ ಕೆಲಸಕ್ಕೆ ಬಂದ ಮೇಲೆ ಹೋಗಿ ಬಂದು ಮಾಡುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಅವಳಿಗೆ ಒಳ್ಳೆಯ ಟೀಚರ್ ಎಂದು ಸನ್ಮಾನವಾಯಿತು. ಇವನು ಮಡಿಕೆಯ ಗೆರೆ ಇನ್ನೂ ಬಿಡದ ಹೊಸ ಅಂಗಿ ಹಾಕಿಕೊಂಡು ಎರಡನೆಯ ಸಾಲಿನಲ್ಲಿ ಕೂತಿದ್ದ. ಮೈಕಿನ ಮುಂದೆ ಅವಳಿಗೆ ಹುರುಪು ಬಂತು. “ಒಂದೇ ಮನೆಯಲ್ಲಿ ಬೆಳೆದವರು ನಾವು. ನನಗೆ ಪುಸ್ತಕದ ಒಳಗಿನದು ಹಿಡಿಸಿತು, ನನ್ನ ತಮ್ಮನಿಗೆ ಹೊರಗಿನ ರಟ್ಟು ಹಿಡಿಸಿತು. ಪಾಪ, ಅವನಿಗೆ ಓದು ತಲೆಗೆ ಹತ್ತಲಿಲ್ಲ” ಅಂದಳು. ಸಭೆಯೆಲ್ಲ ನಕ್ಕಿತು. ಇವನು ಎದ್ದು ಹೊರಗೆ ಹೋದ. ಅಷ್ಟೇ, ಅವತ್ತಿಗೆ ಮುಗಿಯಿತು.

ಶಾಲೆಗೆ ರಜೆ ಇದ್ದ ದಿನಗಳಲ್ಲಿ ಒಂದು ಬೆಳಗ್ಗೆ ಅಕ್ಕನ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಅಂಗಡಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಸೊಂಟದಲ್ಲಿ ಶಾಲೆಯ ಎಲ್ಲ ಬೀರುಗಳ ಬೀಗದಕೈ ಗೊಂಚಲು. ಹಿಂದೆ ಗಾಡಿಯಲ್ಲಿ ಹತ್ತನೇ ಕ್ಲಾಸಿನ ವಿಜ್ಞಾನದ ನೂರ ಎಂಬತ್ತು ಪುಸ್ತಕ. ಆ ಶಾಲೆಯಲ್ಲಿ ಪುಸ್ತಕ ಶಾಲೆಯದೇ. ವರ್ಷದ ಮೊದಲು ಮಕ್ಕಳಿಗೆ ಕೊಡುತ್ತಾರೆ, ಕೊನೆಗೆ ವಾಪಸ್ ಇಸಿದುಕೊಳ್ಳುತ್ತಾರೆ.

“ನೋಡಪ್ಪ, ಒಂಬತ್ತನೇ ಪಾಠ ಯಾರ ಕಣ್ಣಿಗೂ ಬೀಳಬಾರದು,” ಅಂದರು ಕಾರ್ಯದರ್ಶಿಗಳು. “ನೂರ ಹದಿನೇಳರಿಂದ ನೂರ ಮೂವತ್ತರವರೆಗೆ ಅಂಟಿಸಿಬಿಡು. ಕಳೆದ ವರ್ಷ ಒಬ್ಬ ತಂದೆ ನನ್ನ ಕೋಣೆಗೆ ನುಗ್ಗಿ ಮೇಜು ಗುದ್ದಿ ಹೋದ. ಊಟಕ್ಕೆ ಕೂತಾಗ ಅವನ ಮಗಳು ‘ಅಪ್ಪಾ, ಮಂಗಗಳು ನಮ್ಮ ದಾಯಾದಿಗಳಂತೆ’ ಅಂದಳಂತೆ. ಮನೆತನದ ಮರ್ಯಾದೆ ಏನಾಗಬೇಕು?”

“ಮಂಗಗಳ ಮನೆತನದ್ದಾ ಸಾರ್?”

ಕಾರ್ಯದರ್ಶಿಗಳು ದುರುಗುಟ್ಟಿ ನೋಡಿದರು. ಬೈಂಡರನ ಮುಖದಲ್ಲಿ ಎಂದಿನ ಹರಳೆಣ್ಣೆಯೇ ಇತ್ತು, ತಮಾಷೆಯೋ ಅಲ್ಲವೋ ಅವರಿಗೆ ಗೊತ್ತಾಗಲಿಲ್ಲ.

“ಆ ಪಾಠ ಬಿಟ್ಟುಬಿಡಿ ಅಂತ ನಿಮ್ಮಕ್ಕನಿಗೆ ಹೇಳಿದೆ. ಪಠ್ಯದಲ್ಲಿದೆ, ಮಾಡೇ ಮಾಡ್ತೀನಿ ಅಂದ್ರು. ಬಿಡ್ತೀನಿ ಅಂತ ಬರೆದುಕೊಡಿ ಅಂದೆ, ನನ್ನ ಪೆನ್ನನ್ನೇ ಕಿಟಕಿಯಿಂದ ಆಚೆ ಎಸೆದ್ರು. ರಿಟೈರ್ ಆಗೋಕೆ ಒಂದು ವರ್ಷ ಇಲ್ಲ, ಸೊಕ್ಕು ನೋಡು! ಈ ಸಲ ಆ ಪಾಠ ಮಕ್ಕಳಿಗೆ ತಲುಪಿದ್ರೆ ಅವತ್ತೇ ಮನೆಗೆ ಕಳಿಸ್ತೀನಿ. ನಿನಗೂ ಅವರಿಗೂ ಎಣ್ಣೆ ಸೀಗೇಕಾಯಿ ಅಂತ ಊರಿಗೇ ಗೊತ್ತು. ಅದಕ್ಕೇ ನಿನ್ನ ಹತ್ರ ಬಂದದ್ದು.”

ಬೈಂಡರನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಬೇಕು, ಹನ್ನೊಂದು ವರ್ಷದಲ್ಲಿ ಅಂಥ ಒಳ್ಳೆಯ ಸುದ್ದಿ ಅವನ ಕಿವಿಗೆ ಬಿದ್ದಿರಲಿಲ್ಲ.

“ಕತ್ತರಿಸಿ ತೆಗೆದ್ರೆ ಆಗಲ್ವಾ?” ಎಂದು ಕೇಳಿದರು ಕಾರ್ಯದರ್ಶಿಗಳು.

“ಹೊಲಿಗೆ ಪುಸ್ತಕ ಸಾರ್. ಈ ಕಡೆ ಒಂದು ಹಾಳೆ ಕಿತ್ತರೆ ಆ ಕಡೆ ಅದರ ಜೋಡಿ ಹಾಳೆ ಉದುರುತ್ತೆ. ಒಂಬತ್ತನೇದು ತೆಗೆದರೆ ಎಂಟನೇದೂ ಹೋಗುತ್ತೆ. ರಕ್ತಪರಿಚಲನೆ.”

“ರಕ್ತ ಇರಲಿ,” ಅಂದರು ಕಾರ್ಯದರ್ಶಿಗಳು. ಹೋಗುವ ಮೊದಲು ಬಿಳಿ ಗೋಂದಿನ ದೊಡ್ಡ ಡಬ್ಬ ಇಳಿಸಿದರು. “ಇದನ್ನೇ ಹಾಕು. ಪ್ರಳಯ ಬಂದರೂ ಬಿಡಬಾರದು.”

ಅವರು ಆಚೆ ಹೋದ ಮೇಲೆ ಬೈಂಡರ್ ಆ ಡಬ್ಬವನ್ನು ಸತ್ತ ಇಲಿ ಎತ್ತುವ ಹಾಗೆ ಎತ್ತಿ ಕಿಟಕಿಯ ಮೇಲಿಟ್ಟ. ಅಕ್ಕನ ಮೇಲೆ ಕೋಪ ಇದ್ದರೆ ಅದು ಅಕ್ಕನ ಮೇಲೆ. ಪುಸ್ತಕ ಅವನಿಗೆ ಏನು ಮಾಡಿತ್ತು? ಒಲೆ ಹಚ್ಚಿ ಮೈದಾ ಕಲಸಿದ.

ಕೆಲಸಕ್ಕೆ ಅವನದೊಂದು ಕ್ರಮ ಇತ್ತು. ಒಂದು ಪುಸ್ತಕ ಹಿಡಿದು ಪೂರ್ತಿ ಅಂಟಿಸಿ ಇನ್ನೊಂದಕ್ಕೆ ಹೋಗುವುದಿಲ್ಲ. ಒದ್ದೆ ಹಾಳೆಯ ಮೇಲೆ ಒದ್ದೆ ಹಾಳೆ ಬಿದ್ದರೆ ಪುಸ್ತಕ ಊದಿಕೊಳ್ಳುತ್ತದೆ. ಮೊದಲ ದಿನ ನೂರ ಎಂಬತ್ತೂ ಪುಸ್ತಕದಲ್ಲಿ ನೂರ ಹದಿನೆಂಟು, ನೂರ ಹತ್ತೊಂಬತ್ತನೇ ಪುಟಗಳನ್ನು ಒಂದಕ್ಕೊಂದು ಅಂಟಿಸುವುದು, ಪ್ರೆಸ್ಸಿಗೆ ಹಾಕುವುದು. ಮಾರನೆಯ ದಿನ ಮುಂದಿನ ಎರಡು ಪುಟ. ಹೀಗೆ ಆರು ದಿನ ಆರು ಜೋಡಿ, ಕೊನೆಗೆ ಹೊರಗೆ ಉಳಿದ ನೂರ ಹದಿನೇಳು, ನೂರ ಮೂವತ್ತನೇ ಪುಟಗಳ ಮೇಲೆ ಒಂದೊಂದು ಖಾಲಿ ಹಾಳೆ. ಅಂದರೆ ಒಂದೇ ಎರಡು ಪುಟ ದಿನಕ್ಕೆ ನೂರ ಎಂಬತ್ತು ಸಲ ಅವನ ಮೂಗಿನ ಕೆಳಗೆ ತೆರೆದುಕೊಂಡವು. ಕೈ ಬ್ರಷ್ಷಿನ ಜೊತೆ ಹೋಗುತ್ತಿತ್ತು, ಕಣ್ಣಿಗೆ ಬೇರೆ ಕೆಲಸ ಇರಲಿಲ್ಲ. ಓದಬಾರದು ಎಂದೇ ಕೂತಿದ್ದ. ಹತ್ತನೆಯ ಪುಸ್ತಕಕ್ಕೆ ಒಂದು ಸಾಲು ಓದಿದ್ದ, ನಲವತ್ತನೆಯದಕ್ಕೆ ಪುಟ ಮುಗಿದಿತ್ತು, ನೂರನೆಯದಕ್ಕೆ ಬಾಯಿಪಾಠ.

ಮೊದಲ ದಿನ ಭೂಮಿಯ ವಯಸ್ಸು. ಎರಡನೆಯ ದಿನ ಪಳೆಯುಳಿಕೆಗಳು, ಕಲ್ಲಿನ ಪದರದಲ್ಲಿ ಒತ್ತಿಕೊಂಡು ಉಳಿದ ಮೀನಿನ ಚಿತ್ರ. ಮೀನು ಪ್ರೆಸ್ಸಿಗೆ ಹಾಕಿದಷ್ಟು ಚೊಕ್ಕವಾಗಿತ್ತು, ಅವನಿಗೆ ಮೆಚ್ಚುಗೆಯಾಯಿತು, ಮೆಚ್ಚುಗೆಯಾಯಿತಲ್ಲ ಎಂದು ಸಿಟ್ಟೂ ಬಂತು. ಮೂರನೆಯ ದಿನ ನಾಲ್ಕು ಕೈಗಳ ಚಿತ್ರ: ಮನುಷ್ಯನ ಕೈ, ಬೆಕ್ಕಿನ ಮುಂಗಾಲು, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ. ಒಳಗಿನ ಮೂಳೆಗಳ ಜೋಡಣೆ ಎಲ್ಲದರಲ್ಲೂ ಒಂದೇ. ತಿಮಿಂಗಿಲದ ಹಿರಿಯರು ಒಂದು ಕಾಲಕ್ಕೆ ನೆಲದ ಮೇಲೆ ನಡೆಯುತ್ತಿದ್ದವಂತೆ. ಅವನು ಬ್ರಷ್ ಕೆಳಗಿಟ್ಟು ತನ್ನ ಕೈಯನ್ನು ಮಗುಚಿ ನೋಡಿದ. ಮನೆಯೊಳಗೆ ಹೋಗಿ ಬೆಕ್ಕನ್ನು ಹಿಡಿದು ಅದರ ಮುಂಗಾಲನ್ನು ಒತ್ತಿ ಒತ್ತಿ ನೋಡಿದ. ಅದು ಪರಚಿತು.

“ರೀ, ನಿಮಗೇನು ಬಂತು?” ಅಂದಳು ಹೆಂಡತಿ.

“ನಿನ್ನ ಕೆಲಸ ನೋಡ್ಕೋ.”

ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಗ, ಈಗ ಅವಳು ಆಸ್ಪತ್ರೆಯಲ್ಲಿ ನರ್ಸು, ಒಂದು ದಿನ ಊಟದ ಹೊತ್ತಿಗೆ “ಅಪ್ಪಾ, ಅತ್ತೆ ಇವತ್ತು ಎಷ್ಟು ಚೆನ್ನಾಗಿ ಪಾಠ ಮಾಡಿದ್ರು ಗೊತ್ತಾ” ಎಂದು ಶುರುಮಾಡಿದ್ದಳು. “ಆ ಹೆಂಗಸಿನ ಪಾಠ ಈ ಮನೆಯಲ್ಲಿ ಬೇಡ” ಎಂದು ಇವನು ತಟ್ಟೆ ತಳ್ಳಿ ಎದ್ದಿದ್ದ. ಅವಳು ಹೇಳಹೊರಟದ್ದು ಇದೇ ನಾಲ್ಕು ಕೈಗಳನ್ನೇ ಇರಬೇಕು. ಅವತ್ತು ಕೇಳಿಸಿಕೊಳ್ಳಬಹುದಿತ್ತು ಎಂದು ಅವನಿಗೆ ಈಗ ಅನಿಸಿತು.

ನಾಲ್ಕನೆಯ ದಿನದ ಪುಟದಲ್ಲಿ ಅವನು ಎಡವಿದ. ‘ಜೀವಿಯು ತನ್ನ ಜೀವಿತಾವಧಿಯಲ್ಲಿ ಗಳಿಸಿದ ಲಕ್ಷಣಗಳು ಸಂತತಿಗೆ ವರ್ಗಾವಣೆಯಾಗುವುದಿಲ್ಲ’ ಎಂದು ಅಲ್ಲಿತ್ತು. ಇದೇನೋ ಸರಿ. ಮಡಿಕೆ ಒತ್ತಿ ಒತ್ತಿ ತಾತನ ಬಲ ಹೆಬ್ಬೆರಳು ಜಡ್ಡುಗಟ್ಟಿತ್ತು, ಅಪ್ಪನದು ಜಡ್ಡುಗಟ್ಟಿತ್ತು, ತನ್ನದೂ ಗಟ್ಟಿದೆ. ಮಗಳು ಮಾತ್ರ ಬೆಣ್ಣೆಯಂಥ ಹೆಬ್ಬೆರಳು ಇಟ್ಟುಕೊಂಡೇ ಹುಟ್ಟಿದಳು. ಆದರೆ ಗಳಿಸಿದ್ದು ಮಕ್ಕಳಿಗೆ ದಾಟುವುದಿಲ್ಲ ಅಂದ ಮೇಲೆ, ನೆಲದ ಮೇಲೆ ನಡೆಯುತ್ತಿದ್ದ ಪ್ರಾಣಿಯ ಕಾಲು ತಿಮಿಂಗಿಲದ ಈಜುರೆಕ್ಕೆ ಆದದ್ದು ಹೇಗೆ? ಐದನೆಯ ದಿನದ ಪುಟದಲ್ಲಿ ಉತ್ತರ ಇತ್ತು. ಹೀಗಿತ್ತು ಆ ಉತ್ತರ: ‘ಜೀವಿಸಮುದಾಯದಲ್ಲಿ ಪರಿಸರಾನುಕೂಲ ಭಿನ್ನತೆಗಳನ್ನು ಹೊಂದಿದ ಜೀವಿಗಳ ಸಂತಾನೋತ್ಪತ್ತಿಯ ಪ್ರಮಾಣವು ಅಧಿಕವಾಗಿದ್ದು ಇದನ್ನು ನೈಸರ್ಗಿಕ ಆಯ್ಕೆ ಎನ್ನುವರು.’ ಅದನ್ನು ಬರೆದವನು ಕೈಗೆ ಸಿಕ್ಕಿದ್ದರೆ ಬೈಂಡರ್ ಅವನನ್ನೇ ಪ್ರೆಸ್ಸಿಗೆ ಹಾಕಿ ಚಕ್ರ ತಿರುಗಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಆ ಸಾಲನ್ನು ತೊಂಬತ್ತು ಸಲ ಓದಿದ್ದ. ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತಿತ್ತು. ‘ಓದು ತಲೆಗೆ ಹತ್ತಲಿಲ್ಲ’ ಎಂದು ಮೈಕಿನ ದನಿ ಕೇಳಿದಂತಾಗಿ ಬ್ರಷ್ಷನ್ನು ಅಂಟಿನ ಪಾತ್ರೆಗೆ ಎಸೆದ.

ಅದೇ ಹೊತ್ತಿಗೆ ಅಕ್ಕ ಒಳಗೆ ನುಗ್ಗಿದಳು. ಹನ್ನೊಂದು ವರ್ಷದಲ್ಲಿ ಅದೇ ಮೊದಲು.

“ನಾಚಿಕೆ ಆಗಲ್ವೇನೋ ನಿನಗೆ?”

“ಗಿರಾಕಿಗಳು ಹೊರಗೆ ನಿಂತು ಮಾತಾಡಬೇಕು.”

“ಗಿರಾಕಿಯಂತೆ! ಇಷ್ಟು ವರ್ಷ ನಾನು ಹೇಳಿಕೊಟ್ಟ ಪಾಠದ ಬಾಯಿಗೆ ಅಂಟು ಮೆತ್ತೋಕೆ ನನ್ನ ತಮ್ಮನೇ ಬೇಕಿತ್ತಾ? ಆ ಸೆಕ್ರೆಟರಿಗೆ ಬುದ್ಧಿ ಇಲ್ಲ, ಸರಿ. ಏನನ್ನ ಅಂಟಿಸ್ತಿದ್ದೀಯ ಅಂತಾದ್ರೂ ನಿನಗೆ ಗೊತ್ತೇನೋ? ಒಂದಕ್ಷರ ಓದಿದ್ದೀಯಾ?”

ಅವನು ಎದ್ದು ನಿಂತ. ಕೈ ಕಟ್ಟಿಕೊಂಡ, ಕ್ಲಾಸಿನಲ್ಲಿ ನಿಲ್ಲುವ ಹಾಗೆ. ಗೋಡೆ ನೋಡುತ್ತ ಶುರುಮಾಡಿದ: “ಭೂಮಿಯ ವಯಸ್ಸು ಸುಮಾರು ನಾನೂರ ಅರವತ್ತು ಕೋಟಿ ವರ್ಷಗಳು...” ಒಂದೇ ಉಸಿರಿನಲ್ಲಿ ಪಳೆಯುಳಿಕೆ ದಾಟಿದ, ಕಲ್ಲಿನ ಪದರ ದಾಟಿದ, ನಾಲ್ಕು ಕೈಗಳ ಚಿತ್ರದ ಕೆಳಗಿದ್ದ ಸಣ್ಣ ಅಕ್ಷರದ ಸಾಲನ್ನೂ ಬಿಡಲಿಲ್ಲ. ಎಂಟು ಪುಟ. ಹೆಂಡತಿ ಸೌಟು ಹಿಡಿದುಕೊಂಡೇ ಪರದೆಯಾಚೆಯಿಂದ ಬಂದು ಬಾಯಿ ಬಿಟ್ಟು ನಿಂತಳು. ಮುಗಿಸಿ ಅವನು ಅಕ್ಕನ ಕಡೆ ತಿರುಗಿದ.

“ತಲೆಗೆ ಹತ್ತಿದೆಯಾ, ಮೇಡಂ?”

ಅಕ್ಕ ಅಪ್ಪನ ಸ್ಟೂಲಿನ ಮೇಲೆ ಕೂತಳು.

“ಅವತ್ತು ಅದು... ತಮಾಷೆಗೆ ಅಂದದ್ದು ಕಣೋ.”

“ಜನ ನಕ್ಕರಲ್ಲ. ತಮಾಷೆ ಚೆನ್ನಾಗೇ ಇತ್ತು.”

ಅವನು ಮೇಜಿನ ಮೇಲಿದ್ದ ಪುಸ್ತಕವನ್ನು ಅವಳ ಕಡೆ ತಳ್ಳಿ, ಕಲ್ಲು ಎಸೆಯುವ ಹಾಗೆ ಕೇಳಿದ:

“ಜಡ್ಡು ಮಗಳಿಗೆ ದಾಟಲ್ಲ. ಒಪ್ಪಿದೆ. ಹಾಗಾದ್ರೆ ಕಾಲು ಈಜುರೆಕ್ಕೆ ಆದದ್ದು ಹೇಗೆ? ಈಜಿ ಈಜಿ ಆದದ್ದಲ್ಲ ತಾನೇ? ಮತ್ತೆ ಹೇಗೆ? ಇಲ್ಲಿ ಬರೆದಿರೋದು ಮನುಷ್ಯರ ಭಾಷೆ ಅಲ್ಲ.”

ಅಕ್ಕ ತಲೆ ಎತ್ತಿದಳು. ಎಷ್ಟೇ ಕೆಂಡಾಮಂಡಲವಾಗಿದ್ದರೂ ಟೀಚರಿಗೆ ಒಳ್ಳೆಯ ಪ್ರಶ್ನೆ ಬಿದ್ದರೆ ಕೈ ತಾನೇ ಚಾಕ್‌ಪೀಸ್ ಹುಡುಕುತ್ತದೆ. ಅವಳ ಕಣ್ಣು ಅಂಗಡಿಯೆಲ್ಲ ತಿರುಗಿ ಮೈದಾ ಡಬ್ಬದ ಬುಡದಲ್ಲಿ ನಿಂತಿತು. ಅಲ್ಲಿ ಬಿಳಿ ಪುಡಿಯ ಗೆರೆಯ ಮೇಲೆ ಒಂದು ಜಿರಳೆ ಆರಾಮಾಗಿ ಮೀಸೆ ತಿರುವುತ್ತಿತ್ತು.

“ಆ ಪುಡಿಗೆ ಮೊದಲು ಜಿರಳೆ ಸಾಯ್ತಿದ್ವಾ?”

“ಮೊರದ ತುಂಬ ಸಾಯ್ತಿದ್ವು ಅತ್ತಿಗೆ,” ಅಂದಳು ಹೆಂಡತಿ.

“ಈಗ ಯಾಕೆ ಸಾಯಲ್ಲ?”

“ಕಲಬೆರಕೆ,” ಅಂದ ಅವನು. “ಇಲ್ಲಾ ಅವಕ್ಕೆ ರೂಢಿಯಾಗಿದೆ.”

“ರೂಢಿ ಅಲ್ಲ ದಡ್ಡ! ರೂಢಿ ಅಂದ್ರೆ ನಿನ್ನ ಜಡ್ಡಿನ ಕಥೆಯೇ ಆಯ್ತು. ಮೊದಲ ದಿನ ಪುಡಿ ಹಾಕಿದಾಗ ಇಲ್ಲಿ ಸಾವಿರ ಜಿರಳೆ ಇದ್ವು ಅಂದುಕೋ. ಎಲ್ಲ ಒಂದೇ ಥರ ಇರಲಿಲ್ಲ. ನಾನು ನೀನು ಒಂದೇ ಹೊಟ್ಟೆಯಲ್ಲಿ ಹುಟ್ಟಿಯೂ ಬೇರೆ ಬೇರೆ ಇಲ್ವಾ, ಹಾಗೆ. ಪುಡಿ ತಡ್ಕೊಳ್ಳೋ ಜಾಯಮಾನದವು ಹತ್ತೋ ಹನ್ನೆರಡೋ ಮೊದಲೇ ಇದ್ವು, ಹುಟ್ಟುತ್ತಲೇ. ನಿನ್ನ ಪುಡಿ ಉಳಿದವನ್ನೆಲ್ಲ ಕೊಂದಿತು. ಮರಿ ಹಾಕೋಕೆ ಉಳಿದವು ಯಾವುವು?”

“ಆ ಹನ್ನೆರಡು.”

“ಅವುಗಳ ಮಕ್ಕಳು?”

“ಹೆಚ್ಚಿನವು ಅಪ್ಪ ಅಮ್ಮನ ಥರವೇ...” ಅವನ ಮಾತು ನಿಂತಿತು. ಜಿರಳೆಯನ್ನು ನೋಡಿದ, ಪುಸ್ತಕದ ಸಾಲನ್ನು ನೋಡಿದ. “ಹಾಗಾದ್ರೆ ಯಾವ ಜಿರಳೆಯೂ ಬದಲಾಗಿಲ್ಲ. ಸಾಯೋವು ಸತ್ತು, ಉಳಿಯೋವು ಉಳಿದು, ಅಂಗಡಿ ತುಂಬ ಉಳಿಯೋ ಜಾತಿಯವೇ ತುಂಬಿಕೊಂಡ್ವು. ನಾನೇ ಆರಿಸಿ ಆರಿಸಿ ಸಾಕಿದೆ.”

“ಇಲ್ಲಿ ನಿನ್ನ ಪುಡಿ ಆರಿಸಿತು. ಅಲ್ಲಿ ನೀರು ಆರಿಸಿತು. ನೀರಲ್ಲಿ ಬದುಕೋ ಕಾಲಕ್ಕೆ ಒಂಚೂರು ಅಗಲ ಕಾಲು ಇದ್ದದ್ದು ಒಂಚೂರು ಹೆಚ್ಚು ಮರಿ ಉಳಿಸ್ತು. ಒಂದು ದಿನ ಅಲ್ಲ, ಕೋಟಿ ಕೋಟಿ ವರ್ಷ. ಇಷ್ಟೇ ಕಣೋ ಪಾಠ.”

“ಇಷ್ಟೇನಾ?”

“ಇಷ್ಟೇ. ಮುಂದಿನ ಪುಟದಲ್ಲಿ ಮಂಗ. ಅದು ನಮ್ಮ ತಾತ ಅಲ್ಲ, ದಾಯಾದಿ. ಯಾವುದೋ ಕಾಲದ ಒಬ್ಬ ಹಿರಿಯನಿಂದ ಎರಡು ಕವಲಾಗಿ ಪಾಲು ತಗೊಂಡು ಹೋದವರು. ಅದಕ್ಕೇ ನೋಡು, ಇವತ್ತಿಗೂ ಸಂಬಂಧ ಒಪ್ಪಿಕೊಳ್ಳೋಕೆ ನಮ್ಮವರಿಗೆ ಮೈ ಉರಿ.”

ಅವನು ನಗಲಿಲ್ಲ, ನಗುವ ಮುಖವೇ ಅದಲ್ಲ. ಹೆಬ್ಬೆರಳಿನ ಜಡ್ಡು ಉಜ್ಜುತ್ತ ಬಹಳ ಹೊತ್ತು ಕೂತ. ಸಾಲು ತಲೆಯೊಳಗೆ ಕೂತಿತ್ತು. ಸಂತೋಷವಾಗುತ್ತಿತ್ತು, ಅಷ್ಟೇ ಹೊಟ್ಟೆ ಉರಿಯುತ್ತಿತ್ತು. ಇಷ್ಟು ಸುಲಭದ ಪಾಠ! ಒಂದು ಸಂಜೆ ಸಾಕಿತ್ತು.

“ನೀನು ಓದಬೇಕಿತ್ತು ಕಣೋ,” ಅಂದಳು ಅಕ್ಕ.

“ನೀನು ಬರಬೇಕಿತ್ತು.”

ಹೊರಡಲು ಎದ್ದವಳು, ಪ್ರೆಸ್ಸಿನಿಂದ ತೆಗೆದಿಟ್ಟ ಪುಸ್ತಕವೊಂದನ್ನು ಸುಮ್ಮನೆ ಕೈಗೆತ್ತಿಕೊಂಡಳು. ಅಂಟಿದ ಹಾಳೆಗಳ ಅಂಚನ್ನು ಬೆರಳಿನಲ್ಲಿ ಸವರಿದಳು, ಮೂಗಿಗೆ ಹಿಡಿದಳು. ಬೈಂಡರ್ ಮನೆಯಲ್ಲಿ ಹುಟ್ಟಿ ಹತ್ತು ವರ್ಷ ಅಂಟು ತಿರುವಿದವಳ ಮೂಗು ಅದು. ಕಿಟಕಿಯ ಮೇಲೆ ಮುಚ್ಚಳವನ್ನೇ ತೆಗೆಯದ ಬಿಳಿ ಗೋಂದಿನ ಡಬ್ಬವನ್ನೂ ನೋಡಿದಳು.

“ಇದು ಅಪ್ಪನ ಅಂಟು.”

“ಪುಸ್ತಕದ ಮೇಲೆ ನನಗೆ ಕೋಪ ಇಲ್ಲ.”

“ಒದ್ದೆ ಬಟ್ಟೆ ಇಟ್ಟರೆ...”

“ನಾನು ಯಾರಿಗೂ ಏನೂ ಹೇಳಿಲ್ಲ,” ಎಂದು ಅವನು ಬ್ರಷ್ ಎತ್ತಿಕೊಂಡ. “ಆಚೆ ಹೋಗು, ಕೆಲಸ ಇದೆ.”

ಆರನೆಯ ದಿನ ದಾಯಾದಿಗಳ ಪುಟ ಅಂಟಿಸಿದ. ಖಾಲಿ ಹಾಳೆಗಳನ್ನು ನೇರವಾಗಿ ಕೂರಿಸಿದ. ಪುಸ್ತಕ ಒಯ್ಯಲು ಬಂದ ಕಾರ್ಯದರ್ಶಿಗಳು ಒಂದೆರಡನ್ನು ಎಳೆದು, ಕೊಡವಿ ನೋಡಿ “ಭೇಷ್” ಅಂದರು. “ಪ್ರಳಯ ಬಂದರೂ ಬಿಡಲ್ಲ ತಾನೇ?” ಎಂದು ಕೇಳಿದ್ದಕ್ಕೆ “ಪ್ರಳಯಕ್ಕೆ ಹೆದರಬೇಕಾಗಿಲ್ಲ ಸಾರ್” ಅಂದ. ತನ್ನ ಕೆಲಸದ ಬಗ್ಗೆ ಅವನು ಅಡ್ಡಡ್ಡ ಮಾತಾಡಿದ್ದು ಅದೊಂದೇ ಸಲ.

ಶಾಲೆ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಅಕ್ಕ ಕೈಯಲ್ಲೊಂದು ಲಕೋಟೆ ಹಿಡಿದು ಅಂಗಡಿಗೆ ಬಂದಳು. ಕೆಲಸದಿಂದ ತೆಗೆದ ಕಾಗದ. ಮೂರು ಸೆಕ್ಷನ್ನಿನ ಮಕ್ಕಳಿಗೂ ‘ಮೈದಾ ಅಂಟಿನ ಮೇಲೆ ನೀರಿನ ಪರಿಣಾಮ’ ಎಂಬ ಪ್ರಯೋಗ ಕೊಟ್ಟಿದ್ದಳು. ಪ್ರಯೋಗಕ್ಕೆ ಪುಟ ನೂರ ಹದಿನೇಳರಿಂದ ನೂರ ಮೂವತ್ತು. ಮಕ್ಕಳು ಮನೆಯಲ್ಲಿ ಒದ್ದೆ ಬಟ್ಟೆ ಇಟ್ಟು ಬಿಡಿಸಿಕೊಂಡು ಬಂದರು, ಅವಳು ಬಾಗಿಲು ಮುಚ್ಚಿ ಎರಡು ದಿನ ಪಾಠ ಮಾಡಿ ಮುಗಿಸಿದಳು. ಮೂರನೆಯ ದಿನ ಕಾರ್ಯದರ್ಶಿಗಳು ಒಂದು ಡೆಸ್ಕಿನ ಮೇಲಿದ್ದ ಪುಸ್ತಕ ನೋಡಿದರು. ಅದು ಹಪ್ಪಳದಂತೆ ಸೊಟ್ಟಗಾಗಿ ಎದ್ದು ಕೂತಿತ್ತು. ಸಿಕ್ಕಿಬಿದ್ದಳು.

ಎಲ್ಲ ಕೇಳಿದ ಬೈಂಡರ್ ಕಾಗದದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವನ ಸಿಟ್ಟು ಬೇರೆ ಕಡೆ ಹೋಯಿತು.

“ಮಧ್ಯೆ ರದ್ದಿ ಕಾಗದ ಇಟ್ಟು ಭಾರ ಹೇರಿ ಒಣಗಿಸಿ ಅಂತ ಮಕ್ಕಳಿಗೆ ಹೇಳಲಿಲ್ವಾ?”

ಅಕ್ಕ ನಾಲಿಗೆ ಕಚ್ಚಿಕೊಂಡಳು. “ಪಾಠದ ಅವಸರದಲ್ಲಿ ಮರೆತೇಹೋಯ್ತು ಕಣೋ.”

“ಬೈಂಡರ್ ಮಗಳು! ಅಪ್ಪ ಇದ್ದಿದ್ದರೆ ಉಳಿದ ಮೂರು ಬೆರಳಲ್ಲೇ ಬಾರಿಸ್ತಿದ್ದ. ನೂರ ಎಂಬತ್ತು ಪುಸ್ತಕ ಹಾಳುಮಾಡಿದೆಯಲ್ಲೇ!”

“ನನ್ನ ಕೆಲಸ ಹೋಗಿದೆ, ನಿನಗೆ ಪುಸ್ತಕದ ಚಿಂತೆ!”

“ಕೂತು ಅಳೋ ಬದಲು ಆ ಅಂಟು ತಿರುವು, ತಳ ಹಿಡಿತಿದೆ.”

ಅವಳು ಬೈದುಕೊಂಡೇ ಎದ್ದು ಒಲೆಯ ಮುಂದೆ ಕೂತು ತಿರುವತೊಡಗಿದಳು. ಗಂಟು ಕಟ್ಟಿದೆ ಎಂದು ಅವನು ಅಂದ, ಮೈದಾ ಹಳೆಯದು ಎಂದು ಅವಳು ಅಂದಳು, ಜಿರಳೆಯ ಎಂಜಲು ಎಂದು ಪರದೆಯ ಹಿಂದಿನಿಂದ ಹೆಂಡತಿ ಸೇರಿಸಿದಳು. ಆಗ ಬಾಗಿಲಲ್ಲಿ ಕಾರ್ಯದರ್ಶಿಗಳು ಕಾಣಿಸಿಕೊಂಡರು. ತೋಳಿನ ತುಂಬ ಸೊಟ್ಟ ಪುಸ್ತಕಗಳು. ಅವುಗಳನ್ನು ಮೇಜಿನ ಮೇಲೆ ಸುರಿದರು. ಒಲೆಯ ಹತ್ತಿರ ಬೆನ್ನು ಹಾಕಿ ಕೂತ ಹೆಂಗಸನ್ನು ಅವರು ನೋಡಲಿಲ್ಲ.

“ಮೋಸಗಾರ! ಬಿಳಿ ಗೋಂದು ಕೊಟ್ಟಿದ್ದೆನಲ್ಲ, ಏನು ಮಾಡಿದೆ? ಅವಳ ಜೊತೆ ಸೇರಿಕೊಂಡು ನನಗೇ ಬಾಲ ಬಿಚ್ಚುತ್ತೀಯಾ? ಆ ಪಾಠದಲ್ಲಿ ಏನಿದೆ ಅಂತ ನಿನಗೆ ಗೊತ್ತೇನಯ್ಯ? ಹತ್ತನೇ ಕ್ಲಾಸಿನ ಬಾಗಿಲು ಕಂಡವನಲ್ಲ ನೀನು!”

ಬೈಂಡರ್ ಕಿಟಕಿಯ ಮೇಲಿದ್ದ ಡಬ್ಬ ತೆಗೆದು, ಮೇಲಿನ ಧೂಳು ಊದಿ, ಅವರ ಮುಂದಿಟ್ಟ. ಮುಚ್ಚಳ ಇನ್ನೂ ತೆಗೆದಿರಲಿಲ್ಲ.

“ಹತ್ತನೇ ಕ್ಲಾಸಿನ ಪಾಠ ಎಲ್ಲ ಓದಿದ್ದೇನೆ ಸಾರ್,” ಅಂದ. “ನಮ್ಮಕ್ಕ ಹೇಳಿಕೊಟ್ಟಳು. ಕೊನೇದೊಂದು ಬಾಕಿ ಇತ್ತು, ಅದೂ ಮುಗೀತು.”

ಒಲೆಯ ಮುಂದೆ ಸೌಟಿನ ಸದ್ದು ನಿಂತಿತು. ಅವನು ತಿರುಗಿ ನೋಡದೆ ಸೊಟ್ಟ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ, ತೆರೆದ ಪುಟಗಳ ನಡುವೆ ರದ್ದಿ ಕಾಗದ ಇಡತೊಡಗಿದ.